ಬಾನೆಟ್ ಮೇಲೊಂದು ಮಂಗಟ್ಟೆ: ಹಳೆಯ ಅಂಬಾಸಡರ್‌ಗೆ ಹೊಸ ಬೊಂಬೆ ಮಾಡುವುದು ಹೇಗೆ?

ನಮ್ಮ ಮನೆಯ ಅಂಬಾಸಡರ್‌ನ ಬಾನೆಟ್ ಮೇಲೆ ಒಂದು ಕ್ರೋಮ್ ಹಕ್ಕಿ ಇತ್ತು. ಕಾರು ತಂದ ಹೊಸದರಲ್ಲಿ ಅಪ್ಪ ಹುಬ್ಬಳ್ಳಿಯಲ್ಲಿ ಹಾಕಿಸಿದ್ದು. ಮಾರಿಕಾಂಬಾ ಜಾತ್ರೆಗೆ ಶಿರಸಿ ಪೇಟೆಗೆ ಹೊರಟರೆ ಹಿಂದಿನ ಸೀಟಿನಲ್ಲಿ ನಾವು ಐದು ಮಕ್ಕಳು, ಎದುರಿಗೆ ಆ ಹಕ್ಕಿ. ಆಮೇಲೆ ಕಾರು ಕೆಲವು ವರ್ಷ ಕಾರವಾರದಲ್ಲಿ ಸಮುದ್ರದ ಪಕ್ಕ ನಿಂತಿತು. ಹಕ್ಕಿಯ ಮೈಮೇಲೆ ಗುಳ್ಳೆ ಎದ್ದವು. ಒಂದು ದಿನ ಒರೆಸುವಾಗ ಕೈಯಲ್ಲೇ ಮುರಿದು ಬಂತು. ಉಳಿದದ್ದು ಎರಡು ಬೋಲ್ಟ್ ಮಾತ್ರ.

ಆ ಕಾಲದ ಇಂಥ ಬೊಂಬೆಗಳಲ್ಲಿ ಹೆಚ್ಚಿನವು ಸತುವಿನ ಮಿಶ್ರಲೋಹದವು. ಕ್ರೋಮ್ ಪದರದಲ್ಲಿ ಸೂಜಿಮೊನೆಯಷ್ಟು ತೂತಾದರೂ ಸಾಕು, ಉಪ್ಪುಗಾಳಿ ಒಳಹೊಕ್ಕು ಸತುವನ್ನು ತಿನ್ನುತ್ತಾ ಹೋಗುತ್ತದೆ. ಅದನ್ನು ಉಳಿಸಲು ಹೋಗುವುದಕ್ಕಿಂತ ಹಿತ್ತಾಳೆಯಲ್ಲಿ ಹೊಸದು ಮಾಡುವುದೇ ಒಳ್ಳೆಯದು. ಅಂಬಾಸಡರ್ ತಯಾರಿಕೆಯೇ 2014ರಲ್ಲಿ ನಿಂತಿದೆ. ಅಂಗಡಿಯಲ್ಲಿ ಅದೇ ಹಕ್ಕಿ ಸಿಗಲಿ ಎಂದು ಕಾಯುತ್ತಾ ಕೂತರೆ ಆಗದು, ಅಲ್ವಾ?

ಮೊದಲು ಕಾಲು, ಆಮೇಲೆ ಹಕ್ಕಿ

ಎಲ್ಲರೂ ಮೊದಲು ಚಿತ್ರ ಬಿಡಿಸಲು ಕೂರುತ್ತಾರೆ. ನಾನು ಹೇಳುವುದು, ಮೊದಲು ಬಾನೆಟ್ ಅಳೆಯಿರಿ. ಎರಡು ತೂತುಗಳ ನಡುವಿನ ಅಂತರ, ತೂತಿನ ಅಗಲ, ಹಾಳೆಯ ಕೆಳಗೆ ಸಿಗುವ ಜಾಗ, ಇಷ್ಟನ್ನೂ ಬರೆದಿಟ್ಟುಕೊಳ್ಳಿ. ಬಾನೆಟ್ ಸಪಾಟಾಗಿಲ್ಲ, ಅದಕ್ಕೊಂದು ಬಾಗು ಇದೆ. ಆ ಬಾಗನ್ನು ಹಿಡಿಯಲು ಪೇಂಟ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಎಂ-ಸೀಲ್ ಒತ್ತಿ, ಗಟ್ಟಿಯಾದ ಮೇಲೆ ತೆಗೆಯಿರಿ. ನಿಮ್ಮ ಬೊಂಬೆಯ ಅಡಿಭಾಗ ಅದಕ್ಕೆ ಸರಿಯಾಗಿ ಕೂರಬೇಕು.

ಆಮೇಲೆ ರಟ್ಟಿನಲ್ಲಿ ಬೊಂಬೆ ಕತ್ತರಿಸಿ ಬಾನೆಟ್ ಮೇಲೆ ಅಂಟಿಸಿ. ಸ್ಟಿಯರಿಂಗ್ ಹಿಂದೆ ಕೂತು ನೋಡಿ. ರಸ್ತೆ ಮರೆಯಾಗುತ್ತಿದ್ದರೆ ಚಿಕ್ಕದು ಮಾಡಿ. ನನ್ನದು 12 ಸೆಂಟಿಮೀಟರ್ ಉದ್ದ, 6 ಸೆಂಟಿಮೀಟರ್ ಎತ್ತರಕ್ಕೆ ಬಂದು ನಿಂತಿತು.

ನಾನು ಆರಿಸಿದ್ದು ಮಂಗಟ್ಟೆ, ಅಂದರೆ ದೊಡ್ಡ ಬಾಗಿದ ಕೊಕ್ಕಿನ ಹಾರ್ನ್‌ಬಿಲ್ ಹಕ್ಕಿ. ದಾಂಡೇಲಿ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಅದು ಹಾರುವಾಗ ರೆಕ್ಕೆಯ ಸದ್ದು ಕೇಳಿದವರಿಗೆ ಬೇರೆ ಹಕ್ಕಿ ಬೇಕೆನಿಸುವುದಿಲ್ಲ. ಆದರೆ ಕೊಕ್ಕು ಮುಂದಕ್ಕೆ ಚಾಚಿದ್ದರೆ ರಸ್ತೆಯಲ್ಲಿ ನಡೆಯುವವರಿಗೆ ಅಪಾಯ. ಕಾರುಗಳ ಮುಂದೆ ಹಾಕಿಸುವ ಬುಲ್ ಬಾರ್ (ಲೋಹದ ಕಂಬಿಗಳ ಚೌಕಟ್ಟು) ವಿರುದ್ಧ ಕ್ರಮ ಕೈಗೊಳ್ಳಿ ಎಂದು 2017ರಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಹೇಳಿದ್ದು ಪಾದಚಾರಿಗಳ ಸುರಕ್ಷತೆಗಾಗಿಯೇ. ಅದಕ್ಕೇ ನನ್ನ ಮಂಗಟ್ಟೆ ಕೊಕ್ಕನ್ನು ಎದೆಗೆ ಒತ್ತಿಕೊಂಡು ಕೂತಿದೆ. ಎಲ್ಲೂ ಚೂಪಿಲ್ಲ.

ಮರದಲ್ಲಿ ಒಂದು, ಮೇಣದಲ್ಲಿ ಒಂದು

ಹಿತ್ತಾಳೆ ಎರಕಕ್ಕೆ ಮೊದಲು ಮೇಣದ ಹಕ್ಕಿ ಬೇಕು. ಅದನ್ನು ಮಣ್ಣಿನಲ್ಲಿ ಮುಚ್ಚಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಲೋಹ ಹೊಯ್ಯುವುದು. ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ಮೇಣ ಕೈಯಲ್ಲೇ ಮೆತ್ತಗಾಗುತ್ತದೆ. ಹಾಗಾಗಿ ಮೊದಲು ಮರದಲ್ಲಿ ಕೆತ್ತಿ. ಶಿರಸಿ, ಸಾಗರ, ಸೊರಬದ ಮರ ಕೆತ್ತುವ ಗುಡಿಗಾರರು ಬಳಸುವ ಶಿವನೆ ಮರ ಇದಕ್ಕೆ ಹೇಳಿ ಮಾಡಿಸಿದ್ದು. ಹಗುರ, ಉಳಿಗೆ ಬಗ್ಗುತ್ತದೆ, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ. ಕೆತ್ತಲು ಬಾರದಿದ್ದರೆ ಗುಡಿಗಾರರ ಹತ್ತಿರವೇ ಕೆತ್ತಿಸಿ, ಪಕ್ಕದಲ್ಲಿ ಕೂತು ನೋಡಿ. ನನಗೆ ರೆಕ್ಕೆಯ ಮಡಿಕೆ ಹೇಗೆ ಬರಬೇಕೆಂದು ಗೊತ್ತಾಗಿದ್ದು ಹಾಗೆ ನೋಡಿದ ಮೇಲೆಯೇ.

ಮರದ ಹಕ್ಕಿಯಿಂದ ಸಿಲಿಕೋನ್ ರಬ್ಬರ್‌ನಲ್ಲಿ ಎರಡು ಹೋಳಿನ ಅಚ್ಚು ಮಾಡಿ. ಜೇನುಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನೇರ ಬೆಂಕಿ ಬೇಡ. ಅಚ್ಚಿಗೆ ಹೊಯ್ದು ಪೂರ್ತಿ ತಣಿದ ಮೇಲೆ ಬಿಡಿಸಿ. ಮೇಣದ ಹಕ್ಕಿಯ ಹೊಟ್ಟೆಗೆ ಮೇಣದ್ದೇ ದಪ್ಪ ಕಡ್ಡಿ ಅಂಟಿಸಿ, ಅದು ಲೋಹ ಇಳಿಯುವ ದಾರಿ. ಎತ್ತರದ ತುದಿಗಳಿಗೆ ಸಣ್ಣ ಕಡ್ಡಿಗಳು, ಅವು ಗಾಳಿ ಹೊರಹೋಗುವ ದಾರಿ.

ನನ್ನ ಮೊದಲ ಎರಕ ಕೆಟ್ಟಿದ್ದು ಇಲ್ಲೇ. ರೆಕ್ಕೆಯ ತುದಿಯನ್ನು ಚೆಂದ ಕಾಣಲೆಂದು ತೀರಾ ತೆಳುವಾಗಿ ಕೆತ್ತಿದ್ದೆ. ಹಿತ್ತಾಳೆ ಅಲ್ಲಿಗೆ ತಲುಪುವ ಮೊದಲೇ ತಣಿದು ಹೋಯಿತು. ಎಲ್ಲಿಯೂ 3 ಮಿಲಿಮೀಟರ್‌ಗಿಂತ ತೆಳು ಬೇಡ.

ಈಗ ಕಡ್ಡಿಗಳ ಸಮೇತ ಮೇಣವನ್ನು ತೂಗಿ. ಹಿತ್ತಾಳೆ ಮೇಣಕ್ಕಿಂತ ಸುಮಾರು ಒಂಬತ್ತು ಪಟ್ಟು ಭಾರ. ನನ್ನ ಮೇಣ 90 ಗ್ರಾಂ ಇತ್ತು, 810 ಗ್ರಾಂ ಹಿತ್ತಾಳೆ ಸಾಕಾಗಬೇಕು. ಆದರೂ ಒಂದು ಕಿಲೋ ಕರಗಿಸಿದೆವು. ಮಧ್ಯದಲ್ಲಿ ಲೋಹ ಸಾಲದೆ ಬಂದರೆ ಎಲ್ಲವೂ ಹಾಳು. ಮೇಣ ತೂಗಿ ಲೋಹದ ಲೆಕ್ಕ ಹಾಕುವ ಈ ಕ್ರಮ ನಮ್ಮಲ್ಲಿ ಬಹಳ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ 12ನೇ ಶತಮಾನದ ತನ್ನ ಗ್ರಂಥ ಮಾನಸೋಲ್ಲಾಸದಲ್ಲಿ ಇದನ್ನು ಹೇಳಿದ್ದಾನೆ. ರೋಲ್ಸ್ ರಾಯ್ಸ್ ಕಾರಿನ ಮೇಲಿನ ಹೆಣ್ಣಿನ ಬೊಂಬೆಯೂ ಹುಟ್ಟಿದ್ದು ಮೇಣದ ಎರಕದಲ್ಲೇ. 1911ರಲ್ಲಿ ಶಿಲ್ಪಿ ಚಾರ್ಲ್ಸ್ ಸೈಕ್ಸ್ ಮಾಡಿದ್ದು ಅದು.

ಮಣ್ಣು ಮತ್ತು ಬೆಂಕಿ

ಹುತ್ತದ ಮಣ್ಣನ್ನು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಸುಟ್ಟ ಭತ್ತದ ಹೊಟ್ಟಿನ ಪುಡಿ, ಸ್ವಲ್ಪ ಸಗಣಿ ಸೇರಿಸಿ ತೆಳುವಾಗಿ ಕಲಸಿ. ಬ್ರಷ್‌ನಿಂದ ಮೇಣದ ಮೇಲೆ ಮೂರು ಸಲ ಹಚ್ಚಿ. ಪ್ರತಿ ಸಲವೂ ನೆರಳಿನಲ್ಲಿ ಒಣಗಬೇಕು. ಗರಿಯ ಗೆರೆಗಳು ಉಳಿಯುವುದು ಈ ಮೊದಲ ಪದರದಿಂದಲೇ, ಇಲ್ಲಿ ಅವಸರ ಮಾಡಬೇಡಿ. ಮೇಲೆ ಹೊಟ್ಟು ಬೆರೆಸಿದ ದಪ್ಪ ಮಣ್ಣು ಮೆತ್ತಿ, ಕಬ್ಬಿಣದ ತಂತಿ ಸುತ್ತಿ. ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕಲೇಬೇಡಿ. ಮಣ್ಣಿನಲ್ಲಿ ತೇವ ಉಳಿದರೆ ಬಿಸಿ ಲೋಹ ತಾಗಿದ ಕೂಡಲೇ ಹಬೆಯಾಗಿ ಸಿಡಿಯುತ್ತದೆ.

ಇಲ್ಲಿಂದ ಮುಂದೆ ಎರಕ ಹೊಯ್ಯುವವರ ಕೆಲಸ. ಮನೆಯಂಗಳದಲ್ಲಿ ಪ್ರಯೋಗ ಬೇಡ. ಹಿತ್ತಾಳೆ ಕರಗಲು 900 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಬಿಸಿ ಬೇಕು. ಆ ಬಿಸಿಗೆ ಅದರೊಳಗಿನ ಸತು ಬಿಳಿ ಹೊಗೆಯಾಗಿ ಏಳುತ್ತದೆ, ಕುಡಿದರೆ ಜ್ವರ ಬರುತ್ತದೆ. ಅಚ್ಚನ್ನು ಬಾಯಿ ಕೆಳಗೆ ಮಾಡಿ ಕಾಯಿಸಿದಾಗ ಮೇಣವೆಲ್ಲ ಇಳಿದು ಹೋಗುತ್ತದೆ. ಅಚ್ಚು ಇನ್ನೂ ಬಿಸಿಯಾಗಿರುವಾಗಲೇ ಲೋಹ ಹೊಯ್ಯುತ್ತಾರೆ. ತಣಿದ ಮೇಲೆ ಮಣ್ಣು ಒಡೆಯಲು ಮಾತ್ರ ನಿಮ್ಮ ಕೈಗೇ ಕೇಳಿ. ಆ ಕ್ಷಣವನ್ನು ಬೇರೆಯವರಿಗೆ ಬಿಟ್ಟುಕೊಡಬಾರದು.

ಉಜ್ಜುವುದು, ಕೂರಿಸುವುದು

ಕಡ್ಡಿಗಳನ್ನು ಗರಗಸದಿಂದ ಕತ್ತರಿಸಿ, ಅರದಿಂದ ಸಮ ಮಾಡಿ. ಆಮೇಲೆ ಪಾಲಿಶ್ ಪೇಪರ್, ಒರಟಿನಿಂದ ನುಣುಪಿಗೆ 220, 400, 800, 1200 ನಂಬರಿನವು, ಕೊನೆಯವು ನೀರು ಹಾಕಿಕೊಂಡು. ಹಿಂದಿನ ಪೇಪರ್‌ನ ಗೀರು ಪೂರ್ತಿ ಹೋಗುವವರೆಗೆ ಮುಂದಿನದಕ್ಕೆ ಹೋಗಬೇಡಿ.

ಹಿತ್ತಾಳೆ ತಣಿದಾಗ ನೂರಕ್ಕೆ ಒಂದೂವರೆಯಷ್ಟು ಕುಗ್ಗುತ್ತದೆ. ಹಕ್ಕಿಗೆ ಅದು ಲೆಕ್ಕಕ್ಕಿಲ್ಲ, ಬೋಲ್ಟಿಗೆ ಲೆಕ್ಕ. ಅದಕ್ಕೇ ಬೋಲ್ಟಿನ ತೂತುಗಳನ್ನು ಎರಕದಲ್ಲಿ ಬಿಡದೆ, ಕೊನೆಗೆ ಬಾನೆಟ್‌ನಿಂದ ಅಳತೆ ತಂದು ಡ್ರಿಲ್ ಮಾಡಿಸಿ, ಬೋಲ್ಟ್ ತಿರುಗಿ ಕೂರಲು ಮರೆ (ಥ್ರೆಡ್) ಹಾಕಿಸಿ.

ಕ್ರೋಮ್ ಬೇಕೋ ಬೇಡವೋ? ಕಾರು ಕಾರವಾರ, ಅಂಕೋಲಾದಂಥ ಕಡಲ ಬದಿಯಲ್ಲಿದ್ದರೆ ಬೇಕು. ಕೆಳಗೆ ನಿಕಲ್ ಪದರ ದಪ್ಪಗಿರಲಿ ಎಂದು ಪ್ಲೇಟಿಂಗ್‌ನವರಿಗೆ ಹೇಳಿ, ಉಪ್ಪುಗಾಳಿ ತಡೆಯುವುದು ಅದೇ. ಘಟ್ಟದ ಮೇಲಾದರೆ ನಾನು ಬರಿ ಹಿತ್ತಾಳೆಯ ಪರ. ಕಪ್ಪಾದಾಗ ದೀಪ ತೊಳೆದ ಹಾಗೆ ಹುಣಸೆಹಣ್ಣಿನಲ್ಲಿ ತಿಕ್ಕಿದರೆ ಆಯಿತು. ಆದರೆ ಬೊಂಬೆ ಬಿಚ್ಚಿ ತಿಕ್ಕಿ, ಹುಳಿ ಪೇಂಟಿಗೆ ಇಳಿಯಬಾರದು.

ಹಿತ್ತಾಳೆ ನೇರವಾಗಿ ಬಾನೆಟ್ಟಿನ ಕಬ್ಬಿಣಕ್ಕೆ ತಾಗಿದರೆ, ನೀರು ಬಿದ್ದಾಗ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ನಡುವೆ ರಬ್ಬರ್ ಪ್ಯಾಡ್, ತೂತಿನೊಳಗೆ ನೈಲಾನ್ ಬುಷ್ (ಸಣ್ಣ ಕೊಳವೆ) ಹಾಕಿ. ಒಳಗಡೆ ವಾಶರ್, ಒಂದು ಗಟ್ಟಿ ಸ್ಪ್ರಿಂಗ್, ಆಮೇಲೆ ನೈಲಾಕ್ ನಟ್ (ಸುಲಭಕ್ಕೆ ಸಡಿಲಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್). ಸ್ಪ್ರಿಂಗ್ ಇದ್ದರೆ ಯಾರಾದರೂ ತಾಗಿದಾಗ ಹಕ್ಕಿ ವಾಲುತ್ತದೆ, ಅವರಿಗೆ ಪೆಟ್ಟು ಕಡಿಮೆ.

ನಾವು ಮೊದಲ ಸುತ್ತಿಗೆ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಹೋದೆವು. ಹಿಂದಿನ ಸೀಟಿನಲ್ಲಿ ಈಗ ತಂಗಿಯ ಮಕ್ಕಳು. ಕುಮಟಾದಲ್ಲಿ ಬಾನೆಟ್ ಎತ್ತಿ ನೋಡಿದರೆ ಒಂದು ನಟ್ ಅರ್ಧ ಸುತ್ತು ಸಡಿಲಾಗಿತ್ತು. ನೀವೂ ಮೊದಲ ದಿನ ಸ್ಪ್ಯಾನರ್ ಜೊತೆಗಿಟ್ಟುಕೊಳ್ಳಿ.