ಕನ್ನಡಿ ಕಪ್ಪಾಗಿಯೇ ಉಳಿದರೆ: ಲಿನಕ್ಸ್‌ನಲ್ಲಿ ಮ್ಯಾಜಿಕ್‌ಮಿರರ್ ಕೂರಿಸುವಾಗಿನ ತೊಡಕುಗಳು

ದಾವಣಗೆರೆಯ ನಮ್ಮ ಮನೆಯಲ್ಲಿ ಬೇಸಿನ್ ಮೇಲಿನ ಕನ್ನಡಿ ಈಗ ಮುಖದ ಜೊತೆಗೆ ಗಂಟೆ, ವಾರ, ಊರಿನ ಬಿಸಿಲನ್ನೂ ತೋರಿಸುತ್ತದೆ. ಅರೆಪಾರದರ್ಶಕ ಗಾಜಿನ ಹಿಂದೆ ಒಂದು ಹಳೆಯ ಮಾನಿಟರ್, ಅದರ ಕೆಳಗಿನ ಕಪಾಟಿನಲ್ಲಿ ಹರಾಜಿನಲ್ಲಿ ಕೊಂಡ ಡೆಸ್ಕ್‌ಟಾಪ್. ನಾಲ್ಕು ಜಿಬಿ ರ‍್ಯಾಮ್, ಲಿನಕ್ಸ್ ಮಿಂಟ್ 21ರ ಎಕ್ಸ್‌ಎಫ್‌ಸಿಇ ಆವೃತ್ತಿ. ಬಡಗಿ ಚೌಕಟ್ಟನ್ನು ಒಂದೇ ಮಧ್ಯಾಹ್ನದಲ್ಲಿ ಮುಗಿಸಿಕೊಟ್ಟ. ತಂತ್ರಾಂಶ ಕೂರಿಸಲು ನನಗೆ ಮೂರು ಭಾನುವಾರ ಹಿಡಿಯಿತು. ಆ ಮೂರು ಭಾನುವಾರಗಳಲ್ಲಿ ಎರಡನ್ನಾದರೂ ನಿಮಗೆ ಉಳಿಸಬಹುದು ಎಂದು ಬರೆಯುತ್ತಿದ್ದೇನೆ.

ತಂತ್ರಾಂಶದ ಹೆಸರು ಮ್ಯಾಜಿಕ್‌ಮಿರರ್. ನೆದರ್‌ಲ್ಯಾಂಡ್ಸ್‌ನ ಮೈಕೆಲ್ ಟೀವ್ 2014ರಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗಾಗಿ ಆರಂಭಿಸಿದ ಮುಕ್ತ ಯೋಜನೆ. 2016ರಲ್ಲಿ ಎರಡನೆಯ ಆವೃತ್ತಿ ಬಂದಾಗ ಗಡಿಯಾರ, ಹವಾಮಾನ, ಕ್ಯಾಲೆಂಡರ್ ಎಲ್ಲವೂ ಬಿಡಿ ಬಿಡಿ ಮಾಡ್ಯೂಲ್‌ಗಳಾದವು. ಒಳಗೆ ಜಾವಾಸ್ಕ್ರಿಪ್ಟ್ ಭಾಷೆಯ ಪ್ರೋಗ್ರಾಂ ಓಡಿಸುವ ನೋಡ್ ಜೆಎಸ್, ಪರದೆಗೆ ಬ್ರೌಸರ್‌ನಂಥ ಎಲೆಕ್ಟ್ರಾನ್. ಪೈ ಬೇಕೆಂದೇನಿಲ್ಲ, ಸಾಧಾರಣ ಲಿನಕ್ಸ್ ಕಂಪ್ಯೂಟರ್ ಸಾಕು. ಆಜ್ಞೆಗಳನ್ನು ಇಲ್ಲಿ ಉಚ್ಚಾರಣೆಯಂತೆ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಆಜ್ಞೆ ಕೊಡುವ ಕಿಟಕಿ) ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ, ದೊಡ್ಡ ಅಕ್ಷರ ಬೇಕಾದ ಕಡೆ ಹೇಳುತ್ತೇನೆ.

ಮೊದಲಿಗೇ ಒಂದು ಮಾತು. ಈ ತಂತ್ರಾಂಶ ಸರಿಯಾಗಿ ನಡೆಯುತ್ತಿರುವಾಗಲೂ ಪರದೆಯ ಬಹುಭಾಗ ಕಪ್ಪೇ. ಕಪ್ಪಿರುವ ಕಡೆ ಕನ್ನಡಿಯಾಗಬೇಕು, ಬಿಳಿ ಅಕ್ಷರ ಮಾತ್ರ ಗಾಜನ್ನು ದಾಟಿ ಬರಬೇಕು. ಹಾಗಾಗಿ ಕೆಟ್ಟಿರುವ ಪರದೆಗೂ ನಡೆಯುತ್ತಿರುವ ಪರದೆಗೂ ದೂರದಿಂದ ವ್ಯತ್ಯಾಸ ತಿಳಿಯುವುದಿಲ್ಲ. ಕನ್ನಡಿಯ ಮುಂದೆ ನಿಂತು ದೋಷ ಹುಡುಕಬೇಡಿ, ಟರ್ಮಿನಲ್ ಓದಿ. ಅದರಲ್ಲೂ ಕೆಂಪು ಸಾಲುಗಳ ರಾಶಿ ಬಿದ್ದಾಗ ಕೊನೆಯ ಸಾಲನ್ನಲ್ಲ, ‘ಎರರ್’ ಎಂದು ಮೊದಲು ಬಂದ ಸಾಲನ್ನು ಹುಡುಕಿ. ನನ್ನ ಮೊದಲ ಭಾನುವಾರ ಪೂರ್ತಿ ಕೊನೆಯ ಸಾಲಿನ ಹಿಂದೆ ಬಿದ್ದು ಹಾಳಾಯಿತು. ಅದು ದೋಷದ ವಿವರ ಯಾವ ಕಡತದಲ್ಲಿದೆ ಎಂದಷ್ಟೇ ಹೇಳುವ ಸಾಲು.

ಹಳೆಯ ಯಂತ್ರವಾದರೆ ‘ಯುನೇಮ್ -ಎಂ’ ಕೊಡಿ. ಉತ್ತರದ ಕೊನೆಯಲ್ಲಿ 64 ಇದ್ದರೆ ಮುಂದುವರಿಯಿರಿ. ‘ಐ686’ ಎಂದು ಬಂದರೆ ಅದು 32 ಬಿಟ್ ವ್ಯವಸ್ಥೆ. ಇಂಟೆಲ್, ಎಎಂಡಿ ಯಂತ್ರಗಳ 32 ಬಿಟ್ ಲಿನಕ್ಸ್‌ಗೆ ಎಲೆಕ್ಟ್ರಾನ್ ಬರುವುದು ನಿಂತು ವರ್ಷಗಳಾಗಿವೆ, ಅದರೊಡನೆ ಗುದ್ದಾಡಬೇಡಿ. ಅಂಥ ಯಂತ್ರಕ್ಕಿರುವ ಅಡ್ಡದಾರಿಯನ್ನು ಮುಂದೆ ಹೇಳುತ್ತೇನೆ.

ಈಗ ನೋಡ್. ಹತ್ತರಲ್ಲಿ ಎಂಟು ಮಂದಿ ಎಡವುವುದು ಇಲ್ಲಿಯೇ ಎಂದು ನನ್ನ ಅಂದಾಜು. ‘ಸುಡೊ ಆಪ್ಟ್ ಇನ್‌ಸ್ಟಾಲ್ ನೋಡ್‌ಜೆಎಸ್’ ಎಂದರೆ ಏನೋ ಒಂದು ಬರುತ್ತದೆ, ನಾವು ಸಮಾಧಾನಪಡುತ್ತೇವೆ. ಉಬುಂಟು 22.04ರ ತಂತ್ರಾಂಶ ಭಂಡಾರದಿಂದ ಬರುವುದು 12ನೇ ಆವೃತ್ತಿ, ಮಿಂಟ್ 21ಕ್ಕೂ ಅದೇ ಭಂಡಾರ. ಉಬುಂಟು 24.04ರಲ್ಲಿ 18. ಇತ್ತೀಚಿನ ಮ್ಯಾಜಿಕ್‌ಮಿರರ್‌ಗೆ ಎರಡೂ ಸಾಲವು, 22 ಅಥವಾ 24ನೇ ಸಾಲಿನ ನೋಡ್ ಬೇಕು. ನಿಖರವಾಗಿ ಯಾವುದು ಎಂಬುದು ಅದರ ‘ಪ್ಯಾಕೇಜ್.ಜೇಸನ್’ ಕಡತದಲ್ಲಿ ‘ಎಂಜಿನ್ಸ್’ ಎಂಬ ಪದದ ಎದುರಿಗಿದೆ. ‘ಅನ್‌ಸಪೋರ್ಟೆಡ್ ಎಂಜಿನ್’ ಎಂಬ ಎಚ್ಚರಿಕೆ ಬಂದರೆ ಇದೇ ರೋಗ. ಬರಿಯ ಎಚ್ಚರಿಕೆ ತಾನೇ ಎಂದು ಮುಂದೆ ಹೋದರೆ ಹತ್ತು ನಿಮಿಷದ ನಂತರ ಸಂಬಂಧವೇ ಇಲ್ಲದಂತೆ ಕಾಣುವ ಇನ್ನೊಂದು ದೋಷ ಬಂದು ನಿಲ್ಲುತ್ತದೆ. ನಾನು ಎನ್‌ವಿಎಂ ಎಂಬ ನೋಡ್ ಆವೃತ್ತಿ ಬದಲಿಸುವ ಉಪಕರಣ ಹಾಕಿಕೊಂಡು ‘ಎನ್‌ವಿಎಂ ಇನ್‌ಸ್ಟಾಲ್ 22’ ಎಂದೆ. ಹೊಸ ಟರ್ಮಿನಲ್ ತೆರೆದು ‘ನೋಡ್ -ವಿ’ ಕೇಳಿ, 22 ಎಂಬ ಉತ್ತರ ಬಂದ ಮೇಲೆಯೇ ಮುಂದಿನ ಹೆಜ್ಜೆ.

‘ಗಿಟ್ ಕ್ಲೋನ್’ ಆಜ್ಞೆಯಿಂದ ಯೋಜನೆಯ ಕಡತಗಳನ್ನು ಇಳಿಸಿಕೊಂಡು, ಮ್ಯಾಜಿಕ್‌ಮಿರರ್ ಫೋಲ್ಡರ್‌ಗೆ ಹೋಗಿ, ‘ಎನ್‌ಪಿಎಂ ರನ್ ಇನ್‌ಸ್ಟಾಲ್-ಎಂಎಂ’ ಎನ್ನಿ. ಫೋಲ್ಡರ್ ಹೆಸರಿನಲ್ಲಿ ಎರಡೂ ಎಂ ದೊಡ್ಡವು. ಇಲ್ಲಿ ಸುಡೊ ಸೇರಿಸಬೇಡಿ, ಅದು ಆಜ್ಞೆಯನ್ನು ರೂಟ್ ಎಂಬ ಮೇಲಧಿಕಾರಿಯ ಹೆಸರಿನಲ್ಲಿ ಓಡಿಸುತ್ತದೆ. ನಾನು ಅನುಮತಿಯ ದೋಷ ಬಂದಾಗಲೆಲ್ಲ ಸುಡೊ ಹಾಕುವ ಜಾಯಮಾನದವನು, ಅದರ ಫಲವಾಗಿ ಅರ್ಧ ಕಡತಗಳಿಗೆ ರೂಟ್ ಯಜಮಾನನಾದ, ಉಳಿದರ್ಧಕ್ಕೆ ನಾನು. ಆಮೇಲೆ ‘ಪರ್ಮಿಷನ್ ಡಿನೈಡ್’ ಎಂಬುದು ಪ್ರತಿ ಹೆಜ್ಜೆಗೂ ಬಂದಿತು. ಹಾಗಾಗಿದ್ದರೆ ‘ಸುಡೊ ಸಿಎಚ್‌ಓನ್ -ಆರ್’ ಎಂದು ಬರೆದು, ಮುಂದೆ ನಿಮ್ಮ ಬಳಕೆದಾರ ಹೆಸರು, ಅದರ ಮುಂದೆ ಫೋಲ್ಡರ್ ಹೆಸರು ಕೊಡಿ, ಯಜಮಾನಿಕೆ ಮರಳಿ ಬರುತ್ತದೆ. ಈ ಆರ್ ದೊಡ್ಡದು.

ಅನುಸ್ಥಾಪನೆಯ ನಡುವೆ ಎಲೆಕ್ಟ್ರಾನ್‌ನ ದೊಡ್ಡ ಕಡತವೊಂದು ಇಳಿಯುತ್ತದೆ. ಆ ಹೊತ್ತಿಗೆ ಇಂಟರ್‌ನೆಟ್ ಕಡಿದರೆ ಅರ್ಧ ಕಡತ ಉಳಿಯುತ್ತದೆ, ಮತ್ತು ಪ್ರಾರಂಭಿಸಿದಾಗ ‘ಎಲೆಕ್ಟ್ರಾನ್ ಫೇಲ್ಡ್ ಟು ಇನ್‌ಸ್ಟಾಲ್ ಕರೆಕ್ಟ್ಲಿ’ ಎನ್ನುತ್ತದೆ. ಮದ್ದನ್ನು ಆ ಸಂದೇಶವೇ ಹೇಳುತ್ತದೆ: ‘ನೋಡ್_ಮಾಡ್ಯೂಲ್ಸ್’ ಒಳಗಿನ ಎಲೆಕ್ಟ್ರಾನ್ ಫೋಲ್ಡರ್ ಅಳಿಸಿ ಮತ್ತೊಮ್ಮೆ ಅನುಸ್ಥಾಪಿಸಿ. ನಾನು ರಾತ್ರಿ ಹನ್ನೊಂದರ ಮೇಲೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸಿಕೊಂಡೆ.

ಪ್ರಾರಂಭಿಸುವ ಮೊದಲು ‘ಕಾನ್ಫಿಗ್’ ಫೋಲ್ಡರ್‌ನಲ್ಲಿರುವ ‘ಕಾನ್ಫಿಗ್.ಜೆಎಸ್.ಸ್ಯಾಂಪಲ್’ ಕಡತವನ್ನು ‘ಕಾನ್ಫಿಗ್.ಜೆಎಸ್’ ಎಂಬ ಹೆಸರಿಗೆ ನಕಲು ಮಾಡಿ. ಲಿನಕ್ಸ್‌ನಲ್ಲಿ ಪರದೆಗೆ ಚಿತ್ರ ಬಿಡಿಸುವ ವ್ಯವಸ್ಥೆ ಎಕ್ಸ್11 ಅಥವಾ ವೇಲ್ಯಾಂಡ್ ಆಗಿರುತ್ತದೆ, ನಿಮ್ಮದು ಯಾವುದೆಂದು ನಂತರ ಕೇಳಿಕೊಳ್ಳಿ. ಆ ಯಂತ್ರದ ಮುಂದೆಯೇ ಕೂತು ‘ಎಕೋ’ ಎಂದು ಬರೆದು, ಜಾಗ ಬಿಟ್ಟು, ಡಾಲರ್ ಚಿಹ್ನೆಗೆ ಅಂಟಿಸಿ ‘ಎಕ್ಸ್‌ಡಿಜಿ_ಸೆಷನ್_ಟೈಪ್’ ಎಂದು ದೊಡ್ಡ ಅಕ್ಷರಗಳಲ್ಲಿ ಕೊಡಿ. ಎಕ್ಸ್11 ಎಂದರೆ ‘ಎನ್‌ಪಿಎಂ ರನ್ ಸ್ಟಾರ್ಟ್:ಎಕ್ಸ್11’, ವೇಲ್ಯಾಂಡ್ ಎಂದರೆ ‘ಸ್ಟಾರ್ಟ್:ವೇಲ್ಯಾಂಡ್’. ಬರಿಯ ‘ಸ್ಟಾರ್ಟ್’ ಎಂದರೆ ಅದು ತನಗೆ ತೋಚಿದ್ದನ್ನು ಆರಿಸಿಕೊಳ್ಳುತ್ತದೆ. ‘ಮಿಸ್ಸಿಂಗ್ ಎಕ್ಸ್ ಸರ್ವರ್’ ಎಂದು ಬಂದರೆ ಡೆಸ್ಕ್‌ಟಾಪಿಗೆ ಯಾರೂ ಲಾಗಿನ್ ಆಗಿಲ್ಲ, ಅಥವಾ ನೀವು ಎಸ್‌ಎಸ್‌ಎಚ್ ಮೂಲಕ ಬೇರೆ ಕಂಪ್ಯೂಟರ್‌ನಿಂದ, ಬೇರೆ ಹೆಸರಿನಲ್ಲಿ ಬಂದಿದ್ದೀರಿ ಎಂದರ್ಥ.

ಭಾವನ ಮನೆಯ ಯಂತ್ರದಲ್ಲಿ ಉಬುಂಟು 24.04. ಅಲ್ಲಿ ಹೊಸದೊಂದು ತಕರಾರು ಬಂದಿತು: ‘ಎಸ್‌ಯುಐಡಿ ಸ್ಯಾಂಡ್‌ಬಾಕ್ಸ್ ಹೆಲ್ಪರ್’ ಸರಿಯಾಗಿ ಹೊಂದಿಸಿಲ್ಲವಂತೆ. 24.04ರಲ್ಲಿ ಆಪ್‌ಆರ್ಮರ್ ಎಂಬ ಕಾವಲುಗಾರ ಸಾಮಾನ್ಯ ಪ್ರೋಗ್ರಾಂಗಳಿಗೆ ಕೆಲವು ಸ್ವಾತಂತ್ರ್ಯ ಕೊಡುವುದನ್ನು ನಿಲ್ಲಿಸಿದ್ದಾನೆ. ಎಲೆಕ್ಟ್ರಾನ್ ಒಳಗಿನ ‘ಡಿಸ್ಟ್’ ಫೋಲ್ಡರ್‌ನಲ್ಲಿ ‘ಕ್ರೋಮ್-ಸ್ಯಾಂಡ್‌ಬಾಕ್ಸ್’ ಎಂಬ ಕಡತವಿದೆ. ಅದೊಂದರ ಯಜಮಾನಿಕೆಯನ್ನು ರೂಟ್‌ಗೆ ಕೊಟ್ಟು, ‘ಸುಡೊ ಸಿಎಚ್‌ಮಾಡ್ 4755’ ಮಾಡಿದರೆ ಮುಗಿಯಿತು. ಸುಡೊ ಬೇಡವೆಂದು ಈಗ ತಾನೇ ಹೇಳಿದವನು ನಾನೇ, ಆದರೆ ಇದೊಂದು ಕಡತಕ್ಕೆ ರೂಟ್ ಬೇಕೇ ಬೇಕು. ಎಲೆಕ್ಟ್ರಾನ್ ಹೊಸದಾಗಿ ಇಳಿದಾಗಲೆಲ್ಲ ಇದನ್ನು ಮತ್ತೆ ಮಾಡಬೇಕಾಗುತ್ತದೆ.

ಪರದೆ ಬಂದಿದೆ, ಆದರೆ ನಡುವೆ ಕಾನ್ಫಿಗ್ ಕಡತ ರಚಿಸಿ ಎಂಬ ಸಂದೇಶ ಮಾತ್ರ ಇದೆ. ಕಡತ ಇದೆಯಲ್ಲ ಎಂದು ಸಿಟ್ಟಾಗಬೇಡಿ, ಅದರಲ್ಲಿ ತಪ್ಪಿದ್ದರೂ ಇದೇ ಸಂದೇಶ. ‘ಎನ್‌ಪಿಎಂ ರನ್ ಕಾನ್ಫಿಗ್:ಚೆಕ್’ ಎಂದರೆ ಯಾವ ಸಾಲು ಎಂದು ಹೇಳುತ್ತದೆ. ತಪ್ಪು ಅದರ ಹಿಂದಿನ ಸಾಲಿನಲ್ಲಿರುವುದೇ ಹೆಚ್ಚು, ಅಲ್ಪವಿರಾಮ ಬಿಟ್ಟಿರುತ್ತೇವೆ. ನನ್ನದು ಬೇರೆ ಕಥೆ. ಹವಾಮಾನದ ಭಾಗವನ್ನು ಗೆಳೆಯ ವಾಟ್ಸ್‌ಆಪ್‌ನಲ್ಲಿ ಕಳುಹಿಸಿದ್ದ. ನೆಟ್ಟಗಿನ ಉದ್ಧರಣ ಚಿಹ್ನೆಗಳು ದಾರಿಯಲ್ಲಿ ಎಲ್ಲೋ ಬಾಗಿದ ಚಿಹ್ನೆಗಳಾಗಿ ಬದಲಾಗಿದ್ದವು. ಕಣ್ಣಿಗೆ ಎರಡೂ ಒಂದೇ, ಜಾವಾಸ್ಕ್ರಿಪ್ಟ್‌ಗೆ ಅಲ್ಲ. ನಕಲು ಮಾಡಿ ಅಂಟಿಸಿದ ಮೇಲೆ ಚಿಹ್ನೆಗಳನ್ನು ಕೈಯಾರೆ ಮತ್ತೊಮ್ಮೆ ಒತ್ತಿ.

8080ನೇ ಪೋರ್ಟ್ (ಮ್ಯಾಜಿಕ್‌ಮಿರರ್ ಬಳಸುವ ಜಾಲದ ಬಾಗಿಲು) ಈಗಾಗಲೇ ಬಳಕೆಯಲ್ಲಿದೆ ಎಂದರೆ ಮ್ಯಾಜಿಕ್‌ಮಿರರ್‌ನ ಹಿಂದಿನ ಪ್ರತಿಯೇ ಇನ್ನೂ ಓಡುತ್ತಿರಬಹುದು. ಅದನ್ನು ನಿಲ್ಲಿಸಿ, ಇಲ್ಲವಾದರೆ ಕಾನ್ಫಿಗ್‌ನಲ್ಲಿ 8081 ಬರೆಯಿರಿ. 32 ಬಿಟ್ ಯಂತ್ರದ ಅಡ್ಡದಾರಿಗೂ ಈ ಪೋರ್ಟೇ ಬಾಗಿಲು. ಮನೆಯ ಬೇರೆ ಕಂಪ್ಯೂಟರ್‌ನಲ್ಲಿ ‘ಎನ್‌ಪಿಎಂ ರನ್ ಸರ್ವರ್’ ಓಡಿಸಿ, ಹಳೆಯ ಯಂತ್ರದಲ್ಲಿ ಬ್ರೌಸರ್ ಮಾತ್ರ ತೆರೆಯಿರಿ. ಆಗ ಕಾನ್ಫಿಗ್‌ನಲ್ಲಿ ‘ಅಡ್ರೆಸ್’ 0.0.0.0 ಆಗಿರಬೇಕು, ‘ಐಪಿವೈಟ್‌ಲಿಸ್ಟ್’ ಪಟ್ಟಿಯಲ್ಲಿ ಆ ಯಂತ್ರದ ವಿಳಾಸ ಇರಬೇಕು. ಇಲ್ಲದಿದ್ದರೆ ಕನ್ನಡಿ ನೋಡಲು ನಿಮಗೆ ಅನುಮತಿಯಿಲ್ಲ ಎಂದು ಕನ್ನಡಿಯೇ ಹೇಳುತ್ತದೆ.

ಎಲ್ಲವೂ ಬಂದ ಮೊದಲ ಬೆಳಿಗ್ಗೆ ಅಪ್ಪ ಗಡ್ಡ ಹೆರೆಯಲು ನಿಂತವರು ಕೂಗಿದರು: “ಏನಪ್ಪಾ ಇದು, ಈ ವಯಸ್ಸಿನಲ್ಲಿ ಕನ್ನಡಿ ನನ್ನನ್ನು ಹ್ಯಾಂಡ್‌ಸಮ್ ಎನ್ನುತ್ತಿದೆ! ದಾವಣಗೆರೆಯಲ್ಲಿ ಮೈನಸ್ ಮೂರು ಡಿಗ್ರಿಯಂತೆ!” ಮಾದರಿ ಕಡತದಲ್ಲಿ ಇರುವುದು ನ್ಯೂಯಾರ್ಕ್‌ನ ಹವಾಮಾನ, ಅಮೆರಿಕದ ರಜಾದಿನಗಳು. ಅಕ್ಷಾಂಶ 14.46, ರೇಖಾಂಶ 75.92 ಎಂದು ಬದಲಾಯಿಸಿದೆ, ರೇಖಾಂಶದ ಮುಂದಿನ ಋಣ ಚಿಹ್ನೆ ತೆಗೆಯಲು ಮರೆಯಬೇಡಿ. ‘ಓಪನ್‌ಮೀಟಿಯೊ’ ಎಂಬ ಹವಾಮಾನದ ಮೂಲಕ್ಕೆ ನೋಂದಣಿಯ ಕೀಲಿ ಬೇಕಿಲ್ಲ. ಹೊಗಳಿಕೆಯ ‘ಕಾಂಪ್ಲಿಮೆಂಟ್ಸ್’ ಮಾಡ್ಯೂಲ್‌ನಲ್ಲಿ ‘ಹೇ ದೇರ್ ಸೆಕ್ಸಿ’ ಎಂಬ ವಾಕ್ಯವೂ ಇದೆ. ಪುಣ್ಯಕ್ಕೆ ಅದು ಅಪ್ಪನ ಕಣ್ಣಿಗೆ ಬೀಳುವ ಮೊದಲೇ ‘ಮಾತ್ರೆ ತೆಗೆದುಕೊಂಡಿರಾ?’ ಎಂದು ಬರೆದೆ. ಗಂಟೆ ಐದೂವರೆ ತಾಸು ಹಿಂದಿದ್ದರೆ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್‌ಜೋನ್’ ಬರೆದು ಮುಂದೆ ‘ಏಷ್ಯಾ/ಕೋಲ್ಕತಾ’ ಕೊಡಿ. ಏ, ಕೆ ದೊಡ್ಡವು.

ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಂಡರೆ ಅಕ್ಷರಶೈಲಿ ಇಲ್ಲವೆಂದು ತಿಳಿಯಿರಿ. ‘ಸುಡೊ ಆಪ್ಟ್ ಇನ್‌ಸ್ಟಾಲ್ ಫಾಂಟ್ಸ್-ಕೆಎನ್‌ಡಿಎ’ ಎಂದರೆ ಗುಬ್ಬಿ, ನವಿಲು ಎಂಬ ಚಂದದ ಹೆಸರಿನ ಶೈಲಿಗಳು ಬರುತ್ತವೆ. ಭಾಷೆಯ ಜಾಗದಲ್ಲಿ ‘ಕೆಎನ್’ ಬರೆದರೆ ವಾರ, ತಿಂಗಳು ಕನ್ನಡವಾಗುತ್ತವೆ, ಅಂಕಿಗಳೂ ೧, ೨, ೩ ಆಗುತ್ತವೆ. ಅಪ್ಪನಿಗೆ ಅದೇ ಇಷ್ಟ. ಮಗಳಿಗೆ ೬ಕ್ಕೂ ೯ಕ್ಕೂ ಗೊಂದಲವಾಗಿ ಒಂದು ದಿನ ಶಾಲೆಯ ಬಸ್ ತಪ್ಪಿತು.

ಚೌಕಟ್ಟಿಗೆ ಕೂರಿಸುವ ಮುನ್ನ ತಾನಾಗಿ ಚಾಲೂ ಆಗುವಂತೆ ಮಾಡಬೇಕು. ಪ್ರೋಗ್ರಾಂಗಳನ್ನು ತಾನಾಗಿ ಎಬ್ಬಿಸಿ ಓಡಿಸುವ ಪಿಎಂ2 ಹಾಕಿಕೊಂಡು, ಪ್ರಾರಂಭದ ಆಜ್ಞೆಯನ್ನು ಸಣ್ಣದೊಂದು ಶೆಲ್ ಕಡತದಲ್ಲಿ ಬರೆದು, ‘ಪಿಎಂ2 ಸ್ಟಾರ್ಟ್’ ಮುಂದೆ ಆ ಕಡತದ ಹೆಸರು ಕೊಡಿ. ‘ಪಿಎಂ2 ಸ್ಟಾರ್ಟಪ್’ ಎಂದಾಗ ಅದು ಕೆಲಸ ಮಾಡಿ ಮುಗಿಸುವುದಿಲ್ಲ, ಸುಡೊದಿಂದ ಶುರುವಾಗುವ ಉದ್ದ ಸಾಲೊಂದನ್ನು ಮುದ್ರಿಸಿ ಸುಮ್ಮನಾಗುತ್ತದೆ. ಆ ಸಾಲನ್ನು ನಕಲು ಮಾಡಿ ನೀವೇ ಓಡಿಸಬೇಕು, ಆಮೇಲೆ ‘ಪಿಎಂ2 ಸೇವ್’. ಎನ್‌ವಿಎಂ ಬಳಸಿದವರಿಗೆ ನೋಡ್ ಎಲ್ಲಿದೆ ಎಂಬ ದಾರಿ ಆ ಉದ್ದ ಸಾಲಿನಲ್ಲೇ ಅಡಗಿದೆ. ಕನ್ನಡಿ ಹತ್ತು ನಿಮಿಷಕ್ಕೆ ನಿಜವಾಗಿಯೂ ಕಪ್ಪಾದರೆ ‘ಎಕ್ಸ್‌ಸೆಟ್ ಎಸ್ ಆಫ್’, ‘ಎಕ್ಸ್‌ಸೆಟ್ -ಡಿಪಿಎಂಎಸ್’ ಎರಡನ್ನೂ ಶೆಲ್ ಕಡತಕ್ಕೆ ಸೇರಿಸಿ. ಇವು ಎಕ್ಸ್11ಗೆ ಮಾತ್ರ.

ಕೊನೆಗೆ ಪ್ಲಗ್ ಕಿತ್ತು ನೋಡಿ. ನಮ್ಮಲ್ಲಿ ಕರೆಂಟ್ ಹೋಗುವುದಂತೂ ಖಂಡಿತ. ಬಂದಾಗ ಯಂತ್ರ ತಾನೇ ಏಳಬೇಕಾದರೆ ಮದರ್‌ಬೋರ್ಡ್‌ನ ಮೂಲ ವ್ಯವಸ್ಥೆಯಾದ ಬಯೋಸ್‌ನಲ್ಲಿ ವಿದ್ಯುತ್ ಮರಳಿದಾಗ ಚಾಲೂ ಆಗು ಎಂಬ ಆಯ್ಕೆಯನ್ನು ಒತ್ತಬೇಕು, ಲಿನಕ್ಸ್‌ನಲ್ಲಿ ಗುಪ್ತಪದವಿಲ್ಲದೆ ಲಾಗಿನ್ ಆಗುವಂತೆ ಇಡಬೇಕು. ನಾನು ಇವೆರಡನ್ನೂ ಮಾಡಿದ್ದೆ. ಆದರೂ ಮೂರನೆಯ ಭಾನುವಾರ ಕರೆಂಟ್ ಹೋಗಿ ಬಂದ ಮೇಲೆ ಯಂತ್ರ ಏಳಲಿಲ್ಲ. ಗುಂಡಿ ಒತ್ತಿ ಎಬ್ಬಿಸಿ ನೋಡಿದರೆ ಬಯೋಸ್ ಹಳೆಯ ಸ್ಥಿತಿಗೆ ಮರಳಿತ್ತು. ಮದರ್‌ಬೋರ್ಡ್ ಮೇಲಿನ ಸಿಆರ್2032 ನಾಣ್ಯದ ಬ್ಯಾಟರಿ ಸತ್ತಿತ್ತು. ಕೈಗಡಿಯಾರ ರಿಪೇರಿಯವನ ಹತ್ತಿರ ಅದು ಸಿಕ್ಕಿತು. ಬಡಗಿ ಹೊಡೆದ ಎಂಟು ಸ್ಕ್ರೂಗಳನ್ನು ಬಿಚ್ಚಿ ಮತ್ತೆ ಹಾಕುವ ಕೆಲಸ ಮಾತ್ರ ನನ್ನದಾಯಿತು.