ಮೂರು ಪಕ್ಷದ ಮನೆಯಲ್ಲಿ ಕರೆಂಟ್ ಉಳಿಸುವುದು ಹೇಗೆ?

ನಮ್ಮ ಮನೆಯಲ್ಲಿ ಭಾನುವಾರದ ತಿಂಡಿ ಅಂದರೆ ವಾದ. ಮಾವನವರದ್ದು ಒಂದು ಪಕ್ಷ, ನಮ್ಮ ಯಜಮಾನರದ್ದು ಇನ್ನೊಂದು. ಮಗಳಿಗೆ ಎರಡೂ ಬೇಡ, ಅವಳದ್ದು ಪಶ್ಚಿಮ ಘಟ್ಟ. ಗೃಹಜ್ಯೋತಿ ಬಂದ ಮೇಲಂತೂ ಕರೆಂಟ್ ಬಿಲ್ಲೂ ದೋಸೆ ತಟ್ಟೆಯ ಪಕ್ಕಕ್ಕೆ ಬಂತು. ಬಿಲ್ ಹಿಡಿದು ಯಾವುದೋ ಒಂದು ಸರ್ಕಾರವನ್ನು ಬೈಯುವವರು ಬೇಕಾದಷ್ಟು ಜನ. ಅದೇ ಬಿಲ್ಲಿನಲ್ಲಿ ಯೂನಿಟ್ ಎಷ್ಟು ಅಂತ ನೋಡುವವರು ತೀರಾ ಕಡಿಮೆ.

ಹಂತ 1: ಅವರವರ ಕಾರಣ ಅವರವರಿಗೇ ಬಿಡಿ

ಎಲ್ಲರನ್ನೂ ಒಂದೇ ಮಾತಿಗೆ ಒಪ್ಪಿಸಲು ಹೋಗಬೇಡಿ. ನಾನು ಒಂದು ವರ್ಷ ಪ್ರಯತ್ನಪಟ್ಟು ಸೋತಿದ್ದೇನೆ.

ಮಾವನವರಿಗೆ ದೇಶದ ಸ್ವಾವಲಂಬನೆ ಮುಖ್ಯ. ನಾವು ಈಗಲೂ ಹೊರದೇಶದಿಂದ ಕಲ್ಲಿದ್ದಲು ತರಿಸುತ್ತೇವೆ ಅಂದರೆ ಅವರಿಗೆ ಸಾಕು, ಎದ್ದು ಹೋಗಿ ಲೈಟ್ ಆರಿಸುತ್ತಾರೆ. ಯಜಮಾನರಿಗೆ ಗೃಹಜ್ಯೋತಿ ಲೆಕ್ಕ. 2022-23ರಲ್ಲಿ ನಿಮ್ಮ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಶೇ 10 ಸೇರಿಸಿದಷ್ಟು ಉಚಿತ (ತೀರಾ ಕಡಿಮೆ ಸುಡುವವರಿಗೆ ಶೇ 10ರ ಬದಲು 10 ಯೂನಿಟ್). ಸರಾಸರಿ 90 ಇದ್ದರೆ 99 ಯೂನಿಟ್. 130 ಸುಟ್ಟರೆ 31 ಯೂನಿಟ್ಟಿಗೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ‘200 ಯೂನಿಟ್ ಎಲ್ಲರಿಗೂ ಫ್ರೀ ಅಲ್ವಾ’ ಅಂತ ಈಗಲೂ ಕೇಳುವವರಿದ್ದಾರೆ. ಅಲ್ಲ. ಮಗಳಿಗೆ ಶರಾವತಿ ಅಂದರೆ ಆಯಿತು. ಕರೆಂಟಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟಿಗೆ ಊರು ಬಿಟ್ಟುಕೊಟ್ಟವರು ಆರು ದಶಕವಾದರೂ ಜಮೀನಿನ ಹಕ್ಕುಪತ್ರಕ್ಕೆ ಅಲೆಯುತ್ತಿದ್ದಾರೆ. ಇನ್ನು ಊರಿನಲ್ಲಿರುವ ನನ್ನ ತಮ್ಮನಿಗೆ ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಕರೆಂಟ್ ಸರಿಯಾಗಿ ಬಂದರೆ ಸಾಕು, ಬೇರೆ ಯಾವ ತತ್ವವೂ ಬೇಡ.

ವಾದ ಜೋರಾದರೆ ಇದೊಂದು ಹೇಳಿ. ಇಂಧನ ಉಳಿತಾಯದ ಕಾಯ್ದೆ ಬಂದದ್ದು 2001ರಲ್ಲಿ, ವಾಜಪೇಯಿ ಕಾಲಕ್ಕೆ. ಫ್ರಿಜ್ಜಿನ ಮೇಲಿನ ಸ್ಟಾರ್ ಲೇಬಲ್ ಶುರುವಾದದ್ದು 2006ರಲ್ಲಿ, ಮನಮೋಹನ್ ಸಿಂಗ್ ಕಾಲಕ್ಕೆ. ಅಗ್ಗದ ಎಲ್‌ಇಡಿ ಬಲ್ಬಿನ ಉಜಾಲಾ ಯೋಜನೆ 2015ರಲ್ಲಿ, ಮೋದಿ ಕಾಲಕ್ಕೆ. ಒಬ್ಬರು ಹಾಕಿದ ಅಡಿಪಾಯದ ಮೇಲೇ ಇನ್ನೊಬ್ಬರು ಕಟ್ಟಿದ್ದಾರೆ. ಇಷ್ಟು ಹೇಳಿ ಚಟ್ನಿ ಬಡಿಸಿ, ಮೀಟರಿನ ಹತ್ತಿರ ಕರೆದುಕೊಂಡು ಹೋಗಿ.

ಹಂತ 2: ಬಿಲ್ ತೆಗೆದು ಹನ್ನೆರಡು ತಿಂಗಳ ಯೂನಿಟ್ ಬರೆದಿಟ್ಟುಕೊಳ್ಳಿ. ರೂಪಾಯಿ ಬೇಡ, ಯೂನಿಟ್ ಮಾತ್ರ.

ಹಂತ 3: ಮೀಟರಿನ ಮುಂದೆ ನಿಲ್ಲಿ

ಎಲ್ಲರೂ ಎಡವುವುದು ಇಲ್ಲೇ. ಎಲ್ಲಿ ಎಷ್ಟು ಹೋಗುತ್ತಿದೆ ಅಂತ ತಿಳಿಯದೆ ನೇರ ಅಂಗಡಿಗೆ ಓಡುತ್ತಾರೆ.

ಎಲೆಕ್ಟ್ರಾನಿಕ್ ಮೀಟರಿನಲ್ಲಿ ಒಂದು ಸಣ್ಣ ಕೆಂಪು ದೀಪ ಮಿಣುಕುತ್ತಿರುತ್ತದೆ. ಪಕ್ಕದಲ್ಲೇ ಇಂಗ್ಲಿಷಿನಲ್ಲಿ 3200 ಅಥವಾ 1600 ಎಂಬಂಥ ಸಂಖ್ಯೆ, ಮುಂದೆ ‘ಐಎಂಪಿ/ಕೆಡಬ್ಲ್ಯುಎಚ್’ ಅಂತ ಅಚ್ಚಾಗಿರುತ್ತದೆ. ಅಷ್ಟು ಸಲ ಮಿಣುಕಿದರೆ ಒಂದು ಯೂನಿಟ್. ಮಿಣುಕದೆ ಸುಮ್ನೆ ಉರಿಯುತ್ತಿರುವ ದೀಪಗಳನ್ನು ಎಣಿಸಬೇಡಿ, ಅವು ಸಾಮಾನ್ಯವಾಗಿ ಸಪ್ಲೈ ಇದೆ ಅಂತ ತೋರಿಸಲು. ಸೀಲ್ ಮುಟ್ಟಲೇಬೇಡಿ.

ಮನೆಯ ಎಲ್ಲವನ್ನೂ ಒಂದೊಂದಾಗಿ ಅದರದರ ಸ್ವಿಚ್ಚಿನಲ್ಲೇ ಆಫ್ ಮಾಡಿ. ಫ್ರಿಜ್ ಕೂಡ. ಹತ್ತು ನಿಮಿಷಕ್ಕೆ ಹಾಲು ಒಡೆಯುವುದಿಲ್ಲ. ಯುಪಿಎಸ್ ಇದ್ದರೆ ಕೊನೆಗೆ ಅದರ ಪ್ಲಗ್ ಕೀಳಿ. ಪ್ಲಗ್ ಮೊದಲೇ ಕಿತ್ತರೆ ಫ್ಯಾನ್, ಲೈಟ್ ಬ್ಯಾಟರಿಯಲ್ಲಿ ಓಡುತ್ತಿರುತ್ತವೆ, ಮೀಟರಿಗೆ ಅವು ಕಾಣುವುದೇ ಇಲ್ಲ. ನಮ್ಮ ಭಾವನವರು ಹೀಗೇ ಮಾಡಿ ‘ನಮ್ಮನೇಲಿ ವೇಸ್ಟೇ ಇಲ್ಲ’ ಅಂತ ಊರೆಲ್ಲ ಹೇಳಿಕೊಂಡು ಬಂದರು. ಕರೆಂಟ್ ಹೋಗಿ ಬಂದ ದಿನ ಈ ಕೆಲಸ ಬೇಡ. ಯುಪಿಎಸ್ ಆಗ ಗಬಗಬ ಚಾರ್ಜ್ ಆಗುತ್ತಿರುತ್ತದೆ.

ಈಗ ಒಂದು ವಸ್ತು ಆನ್ ಮಾಡಿ, ಎರಡು ಮಿಣುಕಿನ ನಡುವೆ ಎಷ್ಟು ಸೆಕೆಂಡ್ ಅಂತ ಮೊಬೈಲ್ ಗಡಿಯಾರದಲ್ಲಿ ನೋಡಿ. 3200ರ ಮೀಟರಾದರೆ 1125ನ್ನು ಆ ಸೆಕೆಂಡಿನಿಂದ ಭಾಗಿಸಿ, ವಾಟ್ ಸಿಗುತ್ತದೆ. 1600ರ ಮೀಟರಿಗೆ 2250. 3200ರ ಮೀಟರಿನಲ್ಲಿ ಹಳೇ ಫ್ಯಾನಿಗೆ 15 ಸೆಕೆಂಡಿಗೊಮ್ಮೆ ಮಿಣುಕಿತಾ? 75 ವಾಟ್. ಗೀಸರ್ ಹಾಕಿದರೆ ಸೆಕೆಂಡಿಗೆ ಹತ್ತಿರಹತ್ತಿರ ಎರಡು ಸಲ ಮಿಣುಕುತ್ತದೆ, ಒಂದೊಂದನ್ನೇ ಅಳೆಯಲು ಆಗದು. ಆಗ ಹತ್ತು ಮಿಣುಕಿಗೆ ಎಷ್ಟು ಸೆಕೆಂಡ್ ಅಂತ ನೋಡಿ, ಅದನ್ನು ಹತ್ತರಿಂದ ಭಾಗಿಸಿ. ಮೊದಲ ಮಿಣುಕಿಗೆ ‘ಸೊನ್ನೆ’ ಅನ್ನಿ, ‘ಒಂದು’ ಅನ್ನಬೇಡಿ. ಒಂದು ಅಂದರೆ ಲೆಕ್ಕ ತಪ್ಪುತ್ತದೆ, ನಾನು ಎರಡು ಸಲ ತಪ್ಪಿದ್ದೇನೆ. ಫ್ರಿಜ್ಜನ್ನು ಅದರ ಮೋಟರ್ ಓಡುವಾಗ ಅಳೆಯಿರಿ. ಯುಪಿಎಸ್ ಮೇಲಿರುವ ಫ್ಯಾನ್, ಲೈಟ್ ಅಳೆಯುವಾಗ ಅದರ ಪ್ಲಗ್ ಮತ್ತೆ ಹಾಕಿ.

ಎಲ್ಲ ಆಫ್ ಆದ ಮೇಲೂ ದೀಪ ಮಿಣುಕುತ್ತಿದ್ದರೆ? ಸೆಟ್ ಟಾಪ್ ಬಾಕ್ಸೋ ವೈಫೈ ಡಬ್ಬಿಯೋ ಉಳಿದಿರಬಹುದು, ಹುಡುಕಿ. ಅವೂ ಅಲ್ಲವಾದರೆ ವೈರಿಂಗ್ ಲೀಕ್ ಇರಬಹುದು, ಎಲೆಕ್ಟ್ರಿಷಿಯನ್ ಕರೆಸಿ. ನಾವು ಮೊದಲಿದ್ದ ಬಾಡಿಗೆ ಮನೆಯಲ್ಲಿ ಒಂದೂವರೆ ಸೆಕೆಂಡಿಗೊಮ್ಮೆ ಮಿಣುಕುತ್ತಿತ್ತು. 750 ವಾಟ್! ಮೇನ್ ಸ್ವಿಚ್ ಇಳಿಸಿದೊಡನೆ ಕೆಳಗೆ ಸಂಪ್ ಮೋಟರಿನ ಸದ್ದು ನಿಂತಿತು. ನಾಲ್ಕು ಮನೆಯ ನೀರು ನಮ್ಮ ಮೀಟರಿನಲ್ಲಿ ಏರುತ್ತಿತ್ತು. ಅವತ್ತು ಮಾವನವರೂ ಯಜಮಾನರೂ ಮೊದಲ ಸಲ ಒಂದೇ ಪಕ್ಷವಾಗಿ ಓನರ್ ಮನೆ ಬಾಗಿಲು ತಟ್ಟಿದರು.

ಹಂತ 4: ದೊಡ್ಡದನ್ನು ಮೊದಲು ಹಿಡಿಯಿರಿ

ಮೊಬೈಲ್ ಚಾರ್ಜರ್ ಕೀಳುವುದು ಒಳ್ಳೆಯದೇ, ಆದರೆ ಅದರಿಂದ ಬಿಲ್ ಇಳಿಯುವುದಿಲ್ಲ. 15 ಲೀಟರ್ ಗೀಸರ್ ಇದ್ದರೆ ಸ್ನಾನಕ್ಕೆ 20 ನಿಮಿಷ ಮೊದಲು ಹಾಕಿ, ಒಬ್ಬರ ಹಿಂದೆ ಒಬ್ಬರು ಮುಗಿಸಿ, ಆರಿಸಿ.

ಆಮೇಲೆ ಫ್ಯಾನ್. 75 ವಾಟಿನ ಫ್ಯಾನ್ ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. 30 ವಾಟಿನ ಬಿಎಲ್‌ಡಿಸಿ ಫ್ಯಾನಿಗೆ (ಕಡಿಮೆ ಕರೆಂಟ್ ತಿನ್ನುವ ಹೊಸ ಬಗೆಯ ಮೋಟರಿನದ್ದು) 11 ಸಾಕು. ಜಾಸ್ತಿ ತಿರುಗುವ ಒಂದು ಫ್ಯಾನನ್ನು ಮಾತ್ರ ಮೊದಲು ಬದಲಿಸಿ. ಹಾಕುವಾಗ ಗೋಡೆಯ ಹಳೇ ರೆಗ್ಯುಲೇಟರ್ ತೆಗೆಸಿಬಿಡಿ, ಈ ಫ್ಯಾನಿಗೆ ಅದು ಆಗಿಬರುವುದಿಲ್ಲ.

ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ ಅರ್ಧ ಆಗುತ್ತದೆ ಅಂತ ಮಾರುವ ‘ಪವರ್ ಸೇವರ್’ ಡಬ್ಬಿಯನ್ನು ದಯವಿಟ್ಟು ತರಬೇಡಿ. ಒಳಗಿರುವುದು ಸಾಮಾನ್ಯವಾಗಿ ಒಂದು ಕೆಪಾಸಿಟರ್, ಒಂದು ಬಣ್ಣದ ದೀಪ. ಮನೆಯ ಬಿಲ್ಲಿಗೆ ಕೆಪಾಸಿಟರ್ ಏನೂ ಮಾಡುವುದಿಲ್ಲ, ದೀಪ ಮಾತ್ರ ಇನ್ನಷ್ಟು ಕರೆಂಟ್ ತಿನ್ನುತ್ತದೆ.

ಹಂತ 5: ಉಳಿದ ಹಳೇ ಬಲ್ಬು, ಟ್ಯೂಬ್‌ಲೈಟ್ ಕೆಟ್ಟಾಗ ಎಲ್‌ಇಡಿ ಹಾಕಿ.

ಒಂದು ಎಚ್ಚರಿಕೆ: ಮನೆಯ ಹಿರಿಯರ ಕೋಣೆಯ ಫ್ಯಾನ್ ಕೊನೆಗಿರಲಿ. ಹೊಸದಕ್ಕೆ ಸದ್ದು ಕಡಿಮೆ. ಸದ್ದಿಲ್ಲದಿದ್ದರೆ ಗಾಳಿಯೇ ಬರುತ್ತಿಲ್ಲ ಅಂತ ನಮ್ಮ ಮಾವನವರು ಇನ್ನೂ ಹಳೆಯದರ ಕೆಳಗೇ ಮಲಗುತ್ತಾರೆ.