ಅನುದಾನದ ಅರ್ಜಿ: ಖರ್ಚಿನ ಪಟ್ಟಿ ಸರಿ ಇದ್ದರೆ ಅರ್ಧ ಕೆಲಸ ಆದಂತೆ

ಹಾಸನ, ಚಿಕ್ಕಮಗಳೂರು ಕಡೆ ಒಳ್ಳೆಯ ಕೆಲಸ ಮಾಡುವ ಸಣ್ಣ ಸಂಸ್ಥೆಗಳು ಬೇಕಾದಷ್ಟಿವೆ. ಸಮುದಾಯ ಪ್ರತಿಷ್ಠಾನಕ್ಕೆ ಹಾಕುವ ಅವುಗಳ ಅನುದಾನದ ಅರ್ಜಿ ಬಿದ್ದುಹೋಗುವುದು ಮಾತ್ರ ಹೆಚ್ಚಾಗಿ ಒಂದೇ ಕಡೆ, ಖರ್ಚಿನ ಪಟ್ಟಿಯಲ್ಲಿ. ಅದಕ್ಕೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಒಂದು ಜಿಲ್ಲೆಯ ಹಲವು ದಾನಿಗಳ ಹಣ ಒಟ್ಟುಗೂಡಿಸಿ, ಅದೇ ಭಾಗದ ಸಂಸ್ಥೆಗಳಿಗೆ ಕೊಡುವುದು ಸಮುದಾಯ ಪ್ರತಿಷ್ಠಾನದ ಕೆಲಸ. ಇಂಥ ಮೊದಲ ಪ್ರತಿಷ್ಠಾನ 1914ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಶುರುವಾಯಿತು. ಪ್ರತಿಷ್ಠಾನದವರು ಅರ್ಜಿ ಕರೆಯುತ್ತಾರೆ, ಕಾಗದ ನೋಡುತ್ತಾರೆ, ಸ್ಥಳಕ್ಕೆ ಬರುತ್ತಾರೆ, ಸಮಿತಿ ತೀರ್ಮಾನಿಸುತ್ತದೆ, ಕಂತಿನಲ್ಲಿ ಹಣ ಬರುತ್ತದೆ. ಕ್ರಮ ಇಷ್ಟೇ.

ಮೊದಲು ಕಾಗದ

ಟ್ರಸ್ಟ್ ಡೀಡ್ ಅಥವಾ ಸಂಘದ ನೋಂದಣಿ ಪತ್ರ, ಪ್ಯಾನ್, ಮೂರು ವರ್ಷದ ಆಡಿಟ್ ವರದಿ, ಆದಾಯ ತೆರಿಗೆಯ 12ಎ (ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದಾನಿಗೆ ತೆರಿಗೆ ರಿಯಾಯಿತಿ) ನೋಂದಣಿ. ಕೊನೆಯ ಎರಡರ ಅವಧಿ ನೋಡಿಕೊಳ್ಳಿ. 2021ರ ಏಪ್ರಿಲ್‌ನಿಂದ ಅವು ಒಮ್ಮೆ ಸಿಕ್ಕರೆ ಕಾಯಂ ಅಲ್ಲ, ನವೀಕರಿಸಬೇಕು. ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣವಾದರೆ ಸಿಎಸ್‌ಆರ್-1 ನೋಂದಣಿಯೂ ಬೇಕು. ವಿದೇಶಿ ದೇಣಿಗೆಯನ್ನಂತೂ 2020ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿಯ ನಂತರ ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವ ಹಾಗೇ ಇಲ್ಲ. ಅದನ್ನು ಕೇಳಲೇಬೇಡಿ.

ಕೆಲಸವನ್ನು ಒಂದು ಪುಟದಲ್ಲಿ ಬರೆಯಿರಿ

ಯಾರಿಗೆ, ಎಲ್ಲಿ, ಏನು, ಎಷ್ಟು ತಿಂಗಳು. ‘ಗ್ರಾಮೀಣ ಸಬಲೀಕರಣ’ ಅಂತೆಲ್ಲ ಬೇಡ.

ಈಗ ಖರ್ಚಿನ ಪಟ್ಟಿ

ಹೆಚ್ಚಿನವರು ಮೊದಲು ‘ಐದು ಲಕ್ಷ ಕೇಳೋಣ’ ಅಂತ ಮೊತ್ತ ಇಟ್ಟುಕೊಂಡು, ಆಮೇಲೆ ಖರ್ಚು ತುಂಬಿಸುತ್ತಾರೆ. ಸಮಿತಿಯವರಿಗೆ ಅದು ನೋಡಿದ ಕೂಡಲೇ ಗೊತ್ತಾಗುತ್ತದೆ. ಖರ್ಚು ಮೊದಲು, ಮೊತ್ತ ಆಮೇಲೆ.

ಮೂಡಿಗೆರೆ ಹತ್ತಿರದ ಕಾಫಿ ತೋಟದ ಲೈನ್ ಮನೆ (ಕಾರ್ಮಿಕರ ಸಾಲುಮನೆ) ಮಕ್ಕಳಿಗೆ ಸಂಜೆ ಪಾಠ ಅಂದುಕೊಳ್ಳಿ. 30 ಮಕ್ಕಳು, 10 ತಿಂಗಳು. ಟೀಚರ್ ಗೌರವಧನ ತಿಂಗಳಿಗೆ 8,000ದಂತೆ 80,000. ತಿಂಡಿ, ಮಗುವಿಗೆ ದಿನಕ್ಕೆ 10 ರೂಪಾಯಿ, ತಿಂಗಳಿಗೆ 22 ದಿನ, ಒಟ್ಟು 66,000. ಪುಸ್ತಕ 9,000. ಮಳೆಗಾಲದಲ್ಲಿ ಕರೆಂಟ್ ನಂಬುವಂತಿಲ್ಲ, ಚಾರ್ಜಿಂಗ್ ಲೈಟಿಗೆ 6,000. ಲೆಕ್ಕಪತ್ರ, ಆಡಿಟ್‌ಗೆ 10,000. ಒಟ್ಟು 1,71,000. ಇದು ಬರೀ ಮಾದರಿ, ನಿಮ್ಮ ಊರಿನ ದರ ನೀವು ಹಾಕಿ. ಪ್ರತಿ ಸಾಲಿನಲ್ಲೂ ಗುಣಾಕಾರ ಕಾಣಬೇಕು. ಬರೀ ‘ತಿಂಡಿ 66,000’ ಅಂತ ಬರೆದರೆ ನಂಬುವುದು ಹೇಗೆ?

‘ಇತರೆ ಖರ್ಚು’ ಅನ್ನುವ ಸಾಲು ಬೇಡವೇ ಬೇಡ. ಸಂಬಳವನ್ನು ‘ತರಬೇತಿ’ಯೊಳಗೆ ಬಚ್ಚಿಡಬೇಡಿ. ಕೆಲಸ ಮಾಡುವವರಿಗೆ ಕೂಲಿ ಕೊಡುವುದು ತಪ್ಪಲ್ಲ, ಧೈರ್ಯವಾಗಿ ಬರೆಯಿರಿ. ತೋಟದ ಮಾಲೀಕರು ಪಾಠಕ್ಕೆ ಕೊಠಡಿ ಬಿಟ್ಟುಕೊಟ್ಟಿದ್ದರೆ ಅದನ್ನೂ ನಮೂದಿಸಿ. ಊರಿನವರ ಪಾಲು ಕಂಡರೆ ಅರ್ಜಿಗೆ ತೂಕ ಜಾಸ್ತಿ.

ತಿಂಗಳುಗಳನ್ನೂ ನೋಡಿ. ಜುಲೈನಲ್ಲಿ ಸಕಲೇಶಪುರದ ಕಡೆ ಶಾಲೆಯ ಚಾವಣಿ ರಿಪೇರಿ ಅಂತ ಬರೆದರೆ ಮಲೆನಾಡು ಗೊತ್ತಿರುವ ಯಾರೂ ಒಪ್ಪುವುದಿಲ್ಲ. ಕಾಫಿ ಕೊಯ್ಲಿನ ದಿನಗಳಲ್ಲಿ ತಾಯಂದಿರ ಸಭೆ ಇಟ್ಟರೆ ಯಾರು ಬರುತ್ತಾರೆ? ಕಡೂರು, ಅರಸೀಕೆರೆಯ ಬಯಲು ಸೀಮೆಯಲ್ಲಿ ಕೆರೆ ಹೂಳು ತೆಗೆಯುವುದಾದರೆ ಬೇಸಿಗೆಯೊಳಗೆ ಹಣ ಕೈಸೇರಬೇಕು, ಅದಕ್ಕೆ ತಕ್ಕಂತೆ ಕಂತು ಕೇಳಿ.

ಕೊಟೇಶನ್ (ಅಂಗಡಿಯವರ ದರಪಟ್ಟಿ) ಮೂರು ಬೇಕು ಅಂದರೆ ಮೂರು ಅಂಗಡಿಗೆ ಹೋಗಿಯೇ ತನ್ನಿ. ಕೆಲವು ಕಡೆ ಅಂಗಡಿಯವನೊಬ್ಬನೇ ಬೇರೆ ಬೇರೆ ಹೆಸರಿನ ಮೂರು ಲೆಟರ್‌ಹೆಡ್ ಕೊಡುತ್ತಾನೆ, ಅಕ್ಷರ, ಕಾಗುಣಿತ ಎಲ್ಲ ಒಂದೇ ಥರ ಇರುತ್ತದೆ. ಸಿಕ್ಕಿಬಿದ್ದರೆ ಮುಂದೆ ಯಾವತ್ತೂ ಆ ಬಾಗಿಲು ತೆರೆಯುವುದಿಲ್ಲ.

ಕಮಿಷನ್ ಮೇಲೆ ‘ಪ್ರಾಜೆಕ್ಟ್ ಬರೆದುಕೊಡುವವರು’ ಸಿಗುತ್ತಾರೆ. ಸುಮ್ನೆ ದುಡ್ಡು ಹಾಳು. ಬೇರೆ ಜಿಲ್ಲೆಯ ಅರ್ಜಿಯಲ್ಲಿ ಊರಿನ ಹೆಸರು ಬದಲಿಸಿ ಕೊಡುವವರೇ ಅವರಲ್ಲಿ ಜಾಸ್ತಿ. ಒರಟು ಕನ್ನಡವಾದರೂ ಸರಿ, ನೀವೇ ಬರೆಯಿರಿ.

ಸ್ಥಳ ಭೇಟಿ

ಹಾರ, ಶಾಲು, ಸ್ವಾಗತ ಗೀತೆ ಬೇಡ. ಮಾಮೂಲಿ ದಿನದ ಕೆಲಸ ತೋರಿಸಿ. ಹಾಜರಿ ಪುಸ್ತಕ, ಸಭೆಯ ನಡಾವಳಿ ಪುಸ್ತಕ ಮೇಜಿನ ಮೇಲಿರಲಿ.

ಹಣ ಬಂದ ಮೇಲೆ

ಕರಾರು ಪತ್ರ ಓದಿ ಸಹಿ ಹಾಕಿ. ಈ ಅನುದಾನಕ್ಕೆ ಬೇರೆ ಲೆಡ್ಜರ್ ತೆರೆಯಿರಿ. ಅಂಗಡಿಯ ಹೆಸರು, ನಂಬರ್ ಇಲ್ಲದ ಕಚ್ಚಾ ಬಿಲ್ ಇಟ್ಟುಕೊಳ್ಳಬೇಡಿ. ಮೊದಲ ಕಂತಿನ ಬಳಕೆ ಪ್ರಮಾಣಪತ್ರ (ಹಣ ಹೇಗೆ ಖರ್ಚಾಯಿತು ಅನ್ನುವ ಪತ್ರ) ಕೊಡದೆ ಎರಡನೆಯದು ಸಾಮಾನ್ಯವಾಗಿ ಬರುವುದಿಲ್ಲ. ಒಂದು ಬಾಬ್ತಿನ ಹಣ ಉಳಿದು ಇನ್ನೊಂದಕ್ಕೆ ಬಳಸಬೇಕಾದರೆ ಮೊದಲೇ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ. ಇಮೇಲ್ ಆದರೂ ನಡೆಯುತ್ತದೆ, ಫೋನಿನಲ್ಲಿ ಕೇಳಿದ್ದು ಸಾಲದು.